ಆರ್ಡುಯಿನೊ ಬೋರ್ಡು ಮತ್ತು ಅದರ ಷೀಲ್ಡುಗಳು: ಒಂದು ಅಳತೆಯ ಚರಿತ್ರೆ

ಯಂತ್ರೋಪಕರಣಗಳ ಚರಿತ್ರೆಯನ್ನು ಅವುಗಳ ನಿರ್ಮಾತೃಗಳ ಹೆಸರಿನಿಂದ ಆರಂಭಿಸುವುದು ವಾಡಿಕೆಯಾಗಿದೆ. ಪ್ರಸ್ತುತ ಲೇಖನವನ್ನು ನಾವು ಒಂದು ಅಳತೆಯಿಂದ ಆರಂಭಿಸುತ್ತೇವೆ. ಆರ್ಡುಯಿನೊ ಎಂಬ ಸಣ್ಣ ಎಲೆಕ್ಟ್ರಾನಿಕ್ ಬೋರ್ಡಿನ ಒಂದು ಅಂಚಿನಲ್ಲಿ ಪಿನ್ನುಗಳನ್ನು ಚುಚ್ಚಲು ರಂಧ್ರಗಳ ಸಾಲೊಂದಿದೆ. ಈ ಸಾಲಿನಲ್ಲಿ ಒಂದು ರಂಧ್ರಕ್ಕೂ ಮುಂದಿನದಕ್ಕೂ ಅಂಗುಲದ ಹತ್ತರಲ್ಲೊಂದು ಭಾಗ, ಎಂದರೆ 2.54 ಮಿಲಿಮೀಟರು ಅಂತರವಿರುತ್ತದೆ. ಆದರೆ 7ನೆಯ ರಂಧ್ರಕ್ಕೂ 8ನೆಯ ರಂಧ್ರಕ್ಕೂ ನಡುವೆ ಮಾತ್ರ ಈ ನಿಯಮ ಮುರಿದಿದೆ. ಅಲ್ಲಿನ ಅಂತರ ಅಂಗುಲದ ನೂರರಲ್ಲಿ 16 ಭಾಗ, ಸುಮಾರು 4.06 ಮಿಲಿಮೀಟರು. ಇದು ಹತ್ತರಲ್ಲೊಂದರ ಒಂದು ಪಾಲೂ ಅಲ್ಲ, ಎರಡು ಪಾಲೂ ಅಲ್ಲ. ಯಾವ ಲೆಕ್ಕಕ್ಕೂ ಸಲ್ಲದ ಅಳತೆ. ಈ ಅಳತೆ ಹೇಗೆ ಹುಟ್ಟಿತು, ಏಕೆ ಉಳಿಯಿತು, ಅದನ್ನು ಉಳಿಸಿಕೊಂಡುದರ ಭಾರವನ್ನು ಯಾರು ಹೊತ್ತರು ಎಂಬುದೇ ನಮ್ಮ ವಿಷಯ.

ಮೊದಲು ವಸ್ತುವಿನ ಪರಿಚಯವನ್ನು ಮಾಡಿಕೊಡುವುದು ಅವಶ್ಯ. ಮೈಕ್ರೋಕಂಟ್ರೋಲರ್ ಎಂಬುದು ಲೆಕ್ಕ ಮಾಡುವ ಭಾಗ, ನೆನಪಿನ ಭಾಗ, ಹೊರಗಿನ ತಂತಿಗಳೊಡನೆ ವ್ಯವಹರಿಸುವ ಭಾಗ ಇವಿಷ್ಟನ್ನೂ ಒಂದೇ ಚಿಪ್ಪಿನಲ್ಲಿ ಅಡಕಗೊಳಿಸಿದ ಒಂದು ಚಿಕ್ಕ ಗಣಕ. ಆ ಚಿಪ್ಪನ್ನು ಸುಮಾರು 68.6 ಮಿಲಿಮೀಟರು ಉದ್ದ, 53.4 ಮಿಲಿಮೀಟರು ಅಗಲದ ಹಲಗೆಯ ಮೇಲೆ ಕೂರಿಸಿ, ಅದರ ಕಾಲುಗಳನ್ನು ಎರಡು ಅಂಚುಗಳ ರಂಧ್ರಗಳಿಗೆ ತಂದು ನಿಲ್ಲಿಸಿದರೆ ಅದೇ ಆರ್ಡುಯಿನೊ. ಮೋಟಾರನ್ನು ತಿರುಗಿಸುವುದು, ಜಾಲಕ್ಕೆ ಸಂಪರ್ಕಿಸುವುದು ಮೊದಲಾದ ಹೆಚ್ಚಿನ ಕೆಲಸಗಳಿಗೆ ಅದೇ ಆಕಾರದ ಇನ್ನೊಂದು ಹಲಗೆಯನ್ನು ಮೇಲಿನಿಂದ ಒತ್ತಿ ಕೂರಿಸಬಹುದು. ಈ ಮೇಲಣ ಹಲಗೆಗೆ ಷೀಲ್ಡು ಎಂದು ಹೆಸರು. ಷೀಲ್ಡಿನ ಅಡಿಯಲ್ಲಿ ಉದ್ದನೆಯ ಪಿನ್ನುಗಳೂ ತಲೆಯ ಮೇಲೆ ಅದೇ ಸ್ಥಾನದಲ್ಲಿ ರಂಧ್ರಗಳೂ ಇರುವುದರಿಂದ, ಊಟದ ಕ್ಯಾರಿಯರಿನ ಡಬ್ಬಿಗಳಂತೆ, ಒಂದರ ಮೇಲೊಂದನ್ನು ಪೇರಿಸುತ್ತ ಹೋಗಬಹುದು. ಷೀಲ್ಡು ಎಂದರೆ ಗುರಾಣಿ. ಇದು ಯಾವುದನ್ನೂ ರಕ್ಷಿಸುವುದಿಲ್ಲವಾದರೂ ಹೆಸರು ನಿಂತುಹೋಗಿದೆ.

ಈ ವಿಷಯದಲ್ಲಿ ಚರಿತ್ರಕಾರನಿಗೆ ಒಂದು ವಿಶೇಷ ಸನ್ನಿವೇಶ ಎದುರಾಗುತ್ತದೆ. ಷೀಲ್ಡುಗಳ ಅಳತೆಯನ್ನು ವಿಧಿಸುವ ಯಾವ ನಿಬಂಧನೆಯನ್ನೂ ಆರಂಭದಲ್ಲಿ ಯಾವ ಮಂಡಳಿಯೂ ಬರೆಯಲಿಲ್ಲ. ಬೋರ್ಡಿನ ನಕ್ಷೆಯೇ ನಿಬಂಧನೆ, ಬೋರ್ಡೇ ಪ್ರಮಾಣ. ಶಾಸನಗಳಿಂದ ಅರಸನ ಆಳಿಕೆಯನ್ನು ನಿರ್ಣಯಿಸುವಂತೆ, ಇಲ್ಲಿ ರಂಧ್ರಗಳ ಸ್ಥಾನ ಮತ್ತು ಸಂಖ್ಯೆಯಿಂದ ಒಂದು ಬೋರ್ಡು ಯಾವ ಕಾಲದ್ದೆಂದು ನಿರ್ಣಯಿಸಬೇಕಾಗುತ್ತದೆ. ಹಾಗೆ ನಿರ್ಣಯಿಸುವುದು ಸಾಧ್ಯವೂ ಉಂಟು ಎಂಬುದನ್ನು ಮುಂದೆ ನೋಡುವೆವು.

ಹವ್ಯಾಸಿಗಳ ಗಣಕಕ್ಕೆ ಮೇಲುಹಲಗೆಗಳನ್ನು ಸೇರಿಸುವ ಪದ್ಧತಿ ಆರ್ಡುಯಿನೊವಿಗಿಂತ ಮೂವತ್ತು ವರ್ಷ ಹಿಂದಿನದು. 1975ನೆಯ ಜನವರಿಯಲ್ಲಿ ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡ ಆಲ್ಟೇರ್ 8800 ಎಂಬ ಗಣಕವನ್ನು ನ್ಯೂ ಮೆಕ್ಸಿಕೊ ಪ್ರಾಂತದ ಆಲ್ಬುಕರ್ಕಿಯಲ್ಲಿ ಎಡ್ ರಾಬರ್ಟ್ಸನ ಮಿಟ್ಸ್ ಸಂಸ್ಥೆ ನಿರ್ಮಿಸಿತು. ಅದರೊಳಗಿನ ಹಲಗೆಗಳು 100 ಸಂಪರ್ಕಗಳುಳ್ಳ ಉದ್ದನೆಯ ಸಾಕೆಟ್ಟಿನಲ್ಲಿ ಕೂರುತ್ತಿದ್ದುವು. 100 ಎಂಬ ಸಂಖ್ಯೆಯನ್ನು ನಿರ್ಧರಿಸಿದುದು ಯಾವ ಸಿದ್ಧಾಂತವೂ ಅಲ್ಲ. ಆ ಬಗೆಯ ಸಾಕೆಟ್ಟುಗಳು ಅಗ್ಗವಾಗಿ ದೊರೆತುವು ಎಂಬ ಲೌಕಿಕ ಕಾರಣ. ಸಂಕೇತಗಳ ಹಂಚಿಕೆಯೂ ಅಷ್ಟೇನೂ ವಿಚಾರಪೂರ್ವಕವಾಗಿರಲಿಲ್ಲ. ಸುಮಾರು 8 ವೋಲ್ಟಿನ ವಿದ್ಯುತ್ತು 1ನೆಯ ಸ್ಥಾನದಲ್ಲಿಯೂ ಅದರ ಎರಡರಷ್ಟು ವೋಲ್ಟಿನದು ಪಕ್ಕದ 2ನೆಯ ಸ್ಥಾನದಲ್ಲಿಯೂ ಇದ್ದುದರಿಂದ, ಹಲಗೆ ಸ್ವಲ್ಪ ವಾರೆಯಾಗಿ ಕುಳಿತರೂ ಚಿಪ್ಪುಗಳು ಸುಡುವ ಭಯವಿತ್ತು. ಆದಾಗ್ಯೂ ಈ ಪದ್ಧತಿ ಹಬ್ಬಿತು. ಮಿಟ್ಸ್ ಸಂಸ್ಥೆಯ ನೆನಪಿನ ಹಲಗೆಗಳು ಸರಿಯಾಗಿ ಕೆಲಸ ಮಾಡದಿದ್ದಾಗ ಪ್ರೊಸೆಸರ್ ಟೆಕ್ನಾಲಜಿ ಎಂಬ ಬೇರೆ ಸಂಸ್ಥೆ ಉತ್ತಮವಾದುವನ್ನು ಮಾರತೊಡಗಿತು. ಕ್ರೊಮೆಮ್ಕೊ ಸಂಸ್ಥೆಯ ಹ್ಯಾರಿ ಗಾರ್ಲೆಂಡ್ ಮತ್ತು ರಾಜರ್ ಮೆಲೆನ್ ಇದಕ್ಕೆ ಎಸ್-100 ಎಂದು ನಾಮಕರಣ ಮಾಡಿದರು. ಐ.ಇ.ಇ.ಇ. ಸಂಸ್ಥೆ ಇದನ್ನು 696ನೆಯ ಸಂಖ್ಯೆಯ ಪ್ರಮಾಣವನ್ನಾಗಿ ಅಂಗೀಕರಿಸಿದುದು 1983ರಲ್ಲಿ. ಅಷ್ಟು ಹೊತ್ತಿಗೆ ಹವ್ಯಾಸಿಗಳ ಮಾರುಕಟ್ಟೆ ಬೇರೆ ಗಣಕಗಳ ಕಡೆಗೆ ತಿರುಗಿಬಿಟ್ಟಿತ್ತು.

ಎಸ್-100 ಪದ್ಧತಿಯಲ್ಲಿ ಹಲಗೆಗಳು ಪುಸ್ತಕಗಳಂತೆ ಪಕ್ಕಪಕ್ಕದಲ್ಲಿ ನಿಲ್ಲುತ್ತಿದ್ದುವು. ಅವನ್ನು ಹಿಡಿಯಲು ಪೆಟ್ಟಿಗೆಯೊಂದು ಬೇಕಾಗಿತ್ತು. ಪೆಟ್ಟಿಗೆಯನ್ನು ಕೈಬಿಟ್ಟು ಹಲಗೆಗಳನ್ನೇ ಒಂದಕ್ಕೊಂದು ಆಧಾರವಾಗಿ ಪೇರಿಸುವ ಕ್ರಮವನ್ನು ಚೆನ್ನಾಗಿ ರೂಢಿಗೆ ತಂದುದು ಪಿಸಿ/104. ಆಂಪ್ರೊ ಸಂಸ್ಥೆಯಲ್ಲಿ 1987ರಲ್ಲಿ ರೂಪುಗೊಂಡ ಈ ವಿನ್ಯಾಸಕ್ಕೆ 1992ರಲ್ಲಿ ಉತ್ಪಾದಕರ ಒಕ್ಕೂಟವೊಂದು ಲಿಖಿತ ನಿಬಂಧನೆಯನ್ನು ಕೊಟ್ಟಿತು. ಹಲಗೆಗಳ ನಡುವಣ ಎತ್ತರವನ್ನೂ ಅಂಗುಲದ ಹತ್ತರಲ್ಲಿ ಆರು ಭಾಗ ಎಂದು ಅದು ನಿಗದಿಮಾಡಿತ್ತು. ಆದರೆ ಇದು ಕಾರ್ಖಾನೆ, ವಾಹನಗಳ ಉಪಯೋಗಕ್ಕೆ ಹೊರತು ವಿದ್ಯಾರ್ಥಿಯ ಕೈಗೆಟುಕುವ ಬೆಲೆಯದಾಗಿರಲಿಲ್ಲ.

ವಿದ್ಯಾರ್ಥಿಯ ಕೈಗೆಟುಕುವಂಥದು ಹುಟ್ಟಿದ ಸ್ಥಳ ಇಟಲಿಯ ವಾಯವ್ಯದ ಇವ್ರೆಯಾ. ಈ ಊರಿಗೆ ತನ್ನದೇ ಆದ ಯಂತ್ರಪರಂಪರೆಯಿದೆ. 1908ರಲ್ಲಿ ಕಮಿಲ್ಲೊ ಒಲಿವೆಟ್ಟಿ ಇಲ್ಲಿ ಬೆರಳಚ್ಚು ಯಂತ್ರಗಳ ಕಾರ್ಖಾನೆಯನ್ನು ಸ್ಥಾಪಿಸಿದನು. ಊರಿನ ಕಾರ್ಖಾನೆ, ವಸತಿಗಳು 2018ರಲ್ಲಿ ಯುನೆಸ್ಕೊವಿನ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಒಲಿವೆಟ್ಟಿ ಮತ್ತು ಟೆಲಿಕಾಂ ಇಟಾಲಿಯಾ ಸಂಸ್ಥೆಗಳ ಆಶ್ರಯದಲ್ಲಿ 2001ರಲ್ಲಿ ಅಲ್ಲಿ ವಿನ್ಯಾಸಶಿಕ್ಷಣದ ಸಂಸ್ಥೆಯೊಂದು ಆರಂಭವಾಯಿತು. ಅದರ ವಿದ್ಯಾರ್ಥಿಗಳು ಎಂಜಿನಿಯರುಗಳಲ್ಲ, ವಿನ್ಯಾಸಕಾರರು. ಅವರಿಗೆ ಅದುವರೆಗೆ ದೊರೆಯುತ್ತಿದ್ದ ಬೇಸಿಕ್ ಸ್ಟ್ಯಾಂಪ್ ಎಂಬ ಅಮೆರಿಕದ ಬೋರ್ಡು ದುಬಾರಿಯಾಗಿತ್ತು. ಕೊಲಂಬಿಯಾ ದೇಶದ ಹೆರ್ನಾಂಡೊ ಬರ್ರಗಾನ್ ಎಂಬ ವಿದ್ಯಾರ್ಥಿ ಮಾಸ್ಸಿಮೊ ಬಾಂಜಿ ಮತ್ತು ಕೇಸಿ ರೀಯಸ್ ಇವರ ಮಾರ್ಗದರ್ಶನದಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ 2003ರಲ್ಲಿ ವೈರಿಂಗ್ ಎಂಬ ಬೋರ್ಡನ್ನೂ ಅದರ ಭಾಷೆಯನ್ನೂ ರಚಿಸಿದನು. 2005ರಲ್ಲಿ ಬಾಂಜಿ, ದಾವಿದ್ ಕ್ವಾರ್ತಿಯೆಲ್ಯೆಸ್, ಡೇವಿಡ್ ಮೆಲ್ಲಿಸ್, ಟಾಮ್ ಐಗೊ, ಜಾನ್ಲುಕಾ ಮಾರ್ಟಿನೊ ಇವರು ಅದೇ ತಳಹದಿಯ ಮೇಲೆ, ಇನ್ನೂ ಅಗ್ಗವಾದ ಚಿಪ್ಪನ್ನು ಬಳಸಿ, ಆರ್ಡುಯಿನೊವನ್ನು ಹೊರತಂದರು. ಕ್ರಿ.ಶ. 1002ರಿಂದ 1014ರವರೆಗೆ ಇಟಲಿಯ ಅರಸನಾಗಿದ್ದ ಇವ್ರೆಯಾದ ಅರ್ದುಯಿನನ ಹೆಸರನ್ನು ಹೊತ್ತ ಪಾನಗೃಹವೊಂದು ಆ ಊರಿನಲ್ಲಿದ್ದು, ಬೋರ್ಡಿನ ಹೆಸರು ಅಲ್ಲಿಂದ ಬಂದಿದೆ. ಬರ್ರಗಾನನ ಹೆಸರು ಈ ಐವರ ಪಟ್ಟಿಯಲ್ಲಿಲ್ಲ. ಜನಪ್ರಿಯ ಕಥನಗಳಲ್ಲಿ ಅವನಿಗೆ ದೊರೆಯುವ ಸ್ಥಾನ ಅವನ ಕಾರ್ಯಕ್ಕೆ ತಕ್ಕುದಲ್ಲ ಎಂಬುದು ನಮ್ಮ ಅಭಿಪ್ರಾಯ.

ಈ ಬೋರ್ಡಿನ ನಕ್ಷೆಯನ್ನು ಅವಸರದಲ್ಲಿ ಸಿದ್ಧಪಡಿಸುವಾಗ ರಂಧ್ರಗಳ ಒಂದು ಗುಂಪು ಚೌಕುಳಿಯ ಗೆರೆಯಿಂದ ಜರುಗಿ ಕುಳಿತಿತು. ಇದು ಕೈತಪ್ಪೆಂದು ರಚನಾಕಾರರೇ ಹೇಳಿದ್ದಾರೆ. ಬೋರ್ಡುಗಳು ತಯಾರಾಗಿ ಹಂಚಿಕೆಯಾದ ಮೇಲೆಯೇ ಅದು ಬೆಳಕಿಗೆ ಬಂದಿತು. ಅಷ್ಟರಲ್ಲಿ ಅದೇ ಅಳತೆಗೆ ಷೀಲ್ಡುಗಳೂ ಹುಟ್ಟಿಕೊಂಡಿದ್ದುವು. ಆರಂಭದ ಷೀಲ್ಡುಗಳಲ್ಲಿ ಒಂದಾದ, ನಿಸ್ತಂತು ಸಂಪರ್ಕದ ಎಕ್ಸ್‌ಬೀ ಷೀಲ್ಡನ್ನು ಸ್ಪೇನ್ ದೇಶದ ಲಿಬೇಲಿಯಂ ಸಂಸ್ಥೆಯ ಸಹಯೋಗದಿಂದ ರಚಿಸಲಾಗಿತ್ತು. ತಪ್ಪನ್ನು ತಿದ್ದಿದರೆ ಇಂಥ ಹಲಗೆಗಳೆಲ್ಲವೂ ವ್ಯರ್ಥವಾಗುತ್ತಿದ್ದುವು. ಆದುದರಿಂದ ತಿದ್ದಲಿಲ್ಲ. 2007ರಲ್ಲಿ, ಹತ್ತು ಸಾವಿರ ಬೋರ್ಡುಗಳು ಪೂರ್ಣಗೊಂಡುದರ ಸ್ಮಾರಕವಾಗಿ, ದಿಯೆಚಿಮಿಲಾ ಎಂಬ ಹೆಸರಿನ ಬೋರ್ಡು ಹೊರಬಂದಾಗಲೂ ಆ ಅಂತರ ಹಾಗೆಯೇ ಇದ್ದಿತು. ನಮ್ಮ ದಾನಶಾಸನಗಳಲ್ಲಿ ‘ಆಚಂದ್ರಾರ್ಕಸ್ಥಾಯಿ’ ಎಂದು ಬರೆಸಿದ ಎಷ್ಟೋ ದತ್ತಿಗಳು ಎರಡು ತಲೆಮಾರೂ ನಡೆಯಲಿಲ್ಲ; ಯಾರೂ ಬರೆಸದ ಈ ಒಂದೂವರೆ ಮಿಲಿಮೀಟರು ಓರೆ ಮಾತ್ರ ಅಚಲವಾಗಿ ನಿಂತಿದೆ.

ಇದನ್ನು ವಿನೋದದ ಪ್ರಸಂಗವೆಂದು ಹೇಳಿ ಮುಗಿಸುವುದು ಈಗಿನ ಪದ್ಧತಿ. ನಮಗೆ ಅದು ಸಾಲದೆಂದು ತೋರುತ್ತದೆ. ತಪ್ಪು ಆಕಸ್ಮಿಕವಾಗಿರಬಹುದು, ಅದನ್ನು ಉಳಿಸಿದುದು ಆಕಸ್ಮಿಕವಲ್ಲ. ಬೋರ್ಡಿನ ನಕ್ಷೆಗಳನ್ನು ಯಾರು ಬೇಕಾದರೂ ನಕಲು ಮಾಡಬಹುದೆಂಬ ಪರವಾನಗಿಯೊಡನೆ ಪ್ರಕಟಿಸಲಾಗಿತ್ತು. ಆರ್ಡುಯಿನೊ ಎಂಬ ಹೆಸರನ್ನಷ್ಟೇ ಕಾದಿರಿಸಲಾಗಿತ್ತು. ಇವ್ರೆಯಾದ ಸಂಸ್ಥೆ ಮುಚ್ಚಿಹೋಗುವ ಸೂಚನೆಗಳಿದ್ದುದೂ ಹೀಗೆ ಬಿಡುಗಡೆ ಮಾಡಲು ಒಂದು ಕಾರಣ. ಇದರ ಪರಿಣಾಮವಾಗಿ ಷೀಲ್ಡುಗಳನ್ನು ಮಾಡುವವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ, ಮೂಲ ರಚನಾಕಾರರಿಗೂ ಅವರೆಲ್ಲರ ಪರಿಚಯವಿರಲಿಲ್ಲ. ಮಿಟ್ಸ್ ಸಂಸ್ಥೆ ತನ್ನ ಗಣಕಕ್ಕೆ ಹಲಗೆ ಮಾಡಿದ ಅನ್ಯರನ್ನು ಪ್ರತಿಸ್ಪರ್ಧಿಗಳೆಂದು ಕಂಡಿತು; ಇಲ್ಲಿ ಅನ್ಯರ ದುಡಿಮೆಯೇ ಬೋರ್ಡಿನ ಬೆಲೆಯಾಯಿತು. ಅಪರಿಚಿತರ ದುಡಿಮೆ ಯಾವ ಅಳತೆಯನ್ನು ನಂಬಿ ನಿಂತಿದೆಯೋ ಆ ಅಳತೆಯನ್ನು ಬದಲಿಸುವ ಹಕ್ಕು ಮೂಲ ರಚನಾಕಾರನ ಕೈಯಲ್ಲಿ ಉಳಿಯುವುದಿಲ್ಲ.

ಭಾರ ಹೊತ್ತವನು ಸಣ್ಣ ಹವ್ಯಾಸಿ. ಅಂಗಡಿಯಲ್ಲಿ ದೊರೆಯುವ ತೂತುಹಲಗೆಗಳಲ್ಲಿ ರಂಧ್ರಗಳೆಲ್ಲ ಹತ್ತರಲ್ಲೊಂದು ಅಂಗುಲದ ಚೌಕುಳಿಯಲ್ಲಿರುವುದರಿಂದ, ಆತ ಮನೆಯಲ್ಲಿಯೇ ಷೀಲ್ಡನ್ನು ಬೆಸೆಯಹೊರಟರೆ ಒಂದು ಸಾಲು ಕೂರುವುದಿಲ್ಲ. ಪಿನ್ನುಗಳನ್ನು ಇಕ್ಕಳದಿಂದ ಬಾಗಿಸಬೇಕು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ತೂತುಹಲಗೆಯನ್ನು ಕೊಂಡು ತರುವ ನಮ್ಮ ಕಾಲೇಜು ವಿದ್ಯಾರ್ಥಿಗೂ ಈ ಕಷ್ಟ ತಪ್ಪಿದುದಲ್ಲ. ಸೀಡುಯಿನೊ ಎಂಬ ಚೀನಾದ ಬೋರ್ಡಿನವರು ಮೂಲ ಸಾಲನ್ನು ಹಾಗೆಯೇ ಉಳಿಸಿ, ಅದರ ಪಕ್ಕದಲ್ಲಿ ಚೌಕುಳಿಗೆ ಸರಿಹೊಂದುವ ಇನ್ನೊಂದು ಸಾಲು ರಂಧ್ರಗಳನ್ನು ಕೊರೆದರು. ಮತ್ತೊಂದು ಕಡೆ ಈ ಓರೆಯಿಂದ ಲಾಭವೂ ಆಯಿತು: ಸಾಲುಗಳು ಅಸಮವಾದುದರಿಂದ ಷೀಲ್ಡನ್ನು ತಿರುಗುಮುರುಗಾಗಿ ಕೂರಿಸುವುದು ಸಾಧ್ಯವಿಲ್ಲ. ಆದರೆ ಇದು ಅನಂತರ ಕಂಡುಕೊಂಡ ಗುಣ. ಇದನ್ನೇ ಮೂಲ ಉದ್ದೇಶವೆಂದು ಹೇಳುವ ಬರಹಗಳನ್ನು ಒಪ್ಪಲಾಗದು.

ಯಾಂತ್ರಿಕವಾದ ಹೊಂದಿಕೆಯಿಂದ ಒಂದು ಭ್ರಮೆಯೂ ಹುಟ್ಟಿತು. ಕೂರುವುದೆಲ್ಲ ಕೆಲಸಮಾಡುತ್ತದೆ ಎಂಬುದೇ ಆ ಭ್ರಮೆ. ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಆರ್ಡುಯಿನೊ ಸಂಸ್ಥೆಯ ಈಥರ್‌ನೆಟ್ ಷೀಲ್ಡು ತನ್ನ ಜಾಲಚಿಪ್ಪಿನೊಡನೆ ಮಾತನಾಡಲು 10, 11, 12, 13ನೆಯ ಪಿನ್ನುಗಳನ್ನೂ, ಅದರ ಮೇಲಿರುವ ನೆನಪಿನ ಕಾರ್ಡನ್ನು ಆರಿಸಲು 4ನೆಯ ಪಿನ್ನನ್ನೂ ಬಳಸುತ್ತದೆ. ನ್ಯೂಯಾರ್ಕಿನ ಅಡಾಫ್ರೂಟ್ ಸಂಸ್ಥೆಯ ಮೊದಲನೆಯ ಮೋಟಾರ್ ಷೀಲ್ಡು ತನ್ನ ಆಜ್ಞೆಗಳನ್ನು ಕಳುಹಿಸಲು 4, 7, 8, 12ನ್ನೂ, ಮೋಟಾರುಗಳ ವೇಗವನ್ನು ನಿಯಂತ್ರಿಸಲು 3, 5, 6, 11ನ್ನೂ, ಸರ್ವೊಗಳಿಗಾಗಿ 9, 10ನ್ನೂ ಬಳಸುತ್ತಿತ್ತು. ಎರಡನ್ನೂ ಒಂದರ ಮೇಲೊಂದು ಪೇರಿಸಿದರೆ ಸೊಗಸಾಗಿ ಕೂರುತ್ತವೆ. ಆದರೆ 4, 11, 12ನೆಯ ಪಿನ್ನುಗಳಿಗೆ ಇಬ್ಬರು ಹಕ್ಕುದಾರರಾಗುತ್ತಾರೆ. ಸರ್ವೊವನ್ನು ಜೋಡಿಸಿದರೆ 10ಕ್ಕೂ ಅದೇ ಗತಿ. ಜಾಲಕ್ಕೆ ಹೋಗಬೇಕಾದ ಸಂಕೇತದಿಂದ ಮೋಟಾರು ಅದುರುವುದು, ಮೋಟಾರಿನ ಆಜ್ಞೆಯಿಂದ ಜಾಲದ ಮಾತು ಕೆಡುವುದು ಅನಿವಾರ್ಯ. ಒಂದೇ ಸರ್ವೆ ನಂಬರಿಗೆ ಇಬ್ಬರು ಪಟ್ಟಾದಾರರಿರುವ ಗ್ರಾಮದ ಸ್ಥಿತಿಗೆ ಇದನ್ನು ಹೋಲಿಸಬಹುದು. ಗ್ರಾಮಕ್ಕೆ ಶಾನುಭೋಗನ ಖಾತೆಯಿತ್ತು; ಇಲ್ಲಿ ಅದೂ ಇರಲಿಲ್ಲ. ಯಾವ ಷೀಲ್ಡು ಯಾವ ಪಿನ್ನನ್ನು ಆಕ್ರಮಿಸುತ್ತದೆ ಎಂಬುದರ ಪಟ್ಟಿಯನ್ನು ಆಸ್ಟ್ರೇಲಿಯಾದ ಜೊನಾಥನ್ ಆಕ್ಸರ್ ತಾನೇ ಮುಂದೆ ಬಂದು ಸಂಕಲಿಸಿದುದು ಈ ಕೊರತೆಯನ್ನು ತುಂಬುವ ಪ್ರಯತ್ನವಾಗಿತ್ತು.

ವಿನ್ಯಾಸಕಾರರು ಕ್ರಮೇಣ ಇದಕ್ಕೆ ಪರಿಹಾರವನ್ನು ಕಂಡುಕೊಂಡರು. ಪ್ರತಿಯೊಂದು ಕೆಲಸಕ್ಕೂ ಒಂದೊಂದು ಪಿನ್ನನ್ನು ಮೀಸಲಿಡುವ ಬದಲು ಎಲ್ಲರೂ ಎರಡೇ ತಂತಿಗಳನ್ನು ಹಂಚಿಕೊಂಡು, ತಮ್ಮ ವಿಳಾಸವನ್ನು ಕೂಗಿದಾಗ ಮಾತ್ರ ಓಗೊಡುವ ಪದ್ಧತಿಯೊಂದು ಫಿಲಿಪ್ಸ್ ಸಂಸ್ಥೆಯಲ್ಲಿ ಮೊದಲೇ ರೂಪುಗೊಂಡಿತ್ತು. ಅದನ್ನು ಐ-ಸ್ಕ್ವೇರ್-ಸಿ ಎನ್ನುತ್ತಾರೆ. ಅದರ ವಿಳಾಸಕ್ಕೆ 7 ಬಿಟ್ಟುಗಳು, ಎಂದರೆ 128 ವಿಳಾಸಗಳು. ಕಾದಿರಿಸಿದ 16ನ್ನು ಕಳೆದರೆ 112 ಉಳಿಯುತ್ತವೆ. ಅಡಾಫ್ರೂಟಿನ ಎರಡನೆಯ ಮೋಟಾರ್ ಷೀಲ್ಡು ಈ ದಾರಿಯನ್ನು ಹಿಡಿಯಿತು. ಹಲಗೆಯ ಮೇಲಿನ ಐದು ಬೆಸುಗೆಬಿಂದುಗಳನ್ನು ಬೇಕಾದಂತೆ ಕೂಡಿಸಿ 32 ಬೇರೆಬೇರೆ ವಿಳಾಸಗಳನ್ನು ಕೊಡಬಹುದಾದುದರಿಂದ ಅದೇ ಷೀಲ್ಡನ್ನು 32ರವರೆಗೆ ಪೇರಿಸಬಹುದೆಂದು ಲೆಕ್ಕ. ಅಷ್ಟು ಎತ್ತರದ ಗೋಪುರವನ್ನು ಕಟ್ಟುವವರು ಅಪರೂಪ; ಆದರೆ ಮೊದಲನೆಯ ಷೀಲ್ಡಿನ ಮೇಲೆ ಅದರದೇ ಇನ್ನೊಂದು ಪ್ರತಿಯನ್ನು ಕೂರಿಸಿದರೆ ಎರಡನ್ನೂ ಬೇರೆಬೇರೆಯಾಗಿ ನಡೆಸಲಾಗುತ್ತಿರಲಿಲ್ಲ ಎಂಬುದನ್ನು ನೆನೆದರೆ ವ್ಯತ್ಯಾಸ ಮನದಟ್ಟಾಗುತ್ತದೆ.

ಶಾಖ ಮತ್ತು ಎತ್ತರಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 12 ವೋಲ್ಟನ್ನು ಹೊರಗಿನಿಂದ ಕೊಟ್ಟಾಗ ಬೋರ್ಡಿನ ನಿಯಂತ್ರಕ ಅದನ್ನು 5 ವೋಲ್ಟಿಗೆ ಇಳಿಸುತ್ತದೆ. ಉಳಿದ 7 ವೋಲ್ಟು ಶಾಖವಾಗಿ ಹೋಗುತ್ತದೆ. ಷೀಲ್ಡುಗಳೆಲ್ಲ ಸೇರಿ 200 ಮಿಲಿಆಂಪಿಯರನ್ನು ಸೆಳೆದರೆ ವ್ಯರ್ಥವಾಗುವ ಶಕ್ತಿ 1.4 ವಾಟು. ಮೇಲೆ ಹಲಗೆ ಮುಚ್ಚಿರುವುದರಿಂದ ಗಾಳಿಯಾಡದೆ ಚಿಪ್ಪು ಇನ್ನೂ ಕಾಯುತ್ತದೆ. ಯು.ಎಸ್.ಬಿ. ಸಾಕೆಟ್ಟಿನ ಲೋಹದ ಮೈ ಎತ್ತರವಾಗಿದ್ದು ಮೇಲಣ ಷೀಲ್ಡಿನ ಬೆಸುಗೆಗಳಿಗೆ ತಗಲುವುದುಂಟು. ಅಭ್ಯಾಸವುಳ್ಳವರು ಅದರ ಮೇಲೆ ನಿರೋಧಕ ಟೇಪನ್ನು ಅಂಟಿಸುತ್ತಾರೆ. ಪಿಸಿ/104ರ ನಿಬಂಧನಕಾರರು ಎತ್ತರವನ್ನು ಏಕೆ ಬರೆದಿಟ್ಟಿದ್ದರೆಂಬುದು ಇಲ್ಲಿ ತಿಳಿಯುತ್ತದೆ.

ಬೋರ್ಡಿನ ಕಾಲವನ್ನು ರಂಧ್ರಗಳಿಂದ ನಿರ್ಣಯಿಸಬಹುದೆಂದು ಮೇಲೆ ಹೇಳಿದೆವು. 2010ರ ಊನೊ ಬೋರ್ಡಿನಲ್ಲಿ ರಂಧ್ರಗಳು 28. 2011ರ ಮೂರನೆಯ ಪರಿಷ್ಕರಣದಲ್ಲಿ 32. ಹೆಚ್ಚಿದ ನಾಲ್ಕರ ಹಿಂದಿನ ವಿಚಾರ ಸ್ವಾರಸ್ಯಕರವಾಗಿದೆ. ಐ-ಸ್ಕ್ವೇರ್-ಸಿ ತಂತಿಗಳು ಊನೊವಿನಲ್ಲಿ ಎ-4, ಎ-5ನೆಯ ಪಿನ್ನುಗಳಲ್ಲಿದ್ದರೆ ಮೆಗಾ ಬೋರ್ಡಿನಲ್ಲಿ 20, 21ರಲ್ಲಿದ್ದುವು. ಒಂದಕ್ಕೆ ಮಾಡಿದ ಷೀಲ್ಡು ಇನ್ನೊಂದರ ಮೇಲೆ ಕುಳಿತರೂ ಮೂಕವಾಗುತ್ತಿತ್ತು. ಆದುದರಿಂದ ಈ ಎರಡು ತಂತಿಗಳಿಗೆ ಸಾಲಿನ ತುದಿಯಲ್ಲಿ, ಎಲ್ಲ ಬೋರ್ಡುಗಳಿಗೂ ಸಾಮಾನ್ಯವಾದ ಎರಡು ಸ್ಥಾನಗಳನ್ನು ಕೊಟ್ಟರು. ಮೂರನೆಯದು ಐಓರೆಫ್, ಬೋರ್ಡು ಯಾವ ವೋಲ್ಟಿನಲ್ಲಿ ನಡೆಯುತ್ತಿದೆ ಎಂಬುದನ್ನು ಷೀಲ್ಡಿಗೆ ತಿಳಿಸುವುದು ಇದರ ಕೆಲಸ. ಮರುವರ್ಷ, 2012ರಲ್ಲಿ, 3.3 ವೋಲ್ಟಿನ ಡ್ಯೂ ಬೋರ್ಡು ಬಂದಾಗ ಇದರ ಪ್ರಯೋಜನ ಸ್ಪಷ್ಟವಾಯಿತು. 5 ವೋಲ್ಟಿನ ಸಂಕೇತವನ್ನು ಅದಕ್ಕೆ ಕೊಟ್ಟರೆ ಚಿಪ್ಪು ಹಾಳಾಗುವುದು. ನಾಲ್ಕನೆಯ ರಂಧ್ರಕ್ಕೆ ಯಾವ ಕೆಲಸವನ್ನೂ ಕೊಡದೆ ಮುಂದಿನವರಿಗಾಗಿ ಬಿಟ್ಟರು. ಹಳೆಯ ಸಾಲುಗಳಲ್ಲಿ ಒಂದು ರಂಧ್ರವನ್ನೂ ಕದಲಿಸದೆ ತುದಿಗಳಲ್ಲಿ ಮಾತ್ರ ಬೆಳೆಸಿದ ಈ ಕ್ರಮವನ್ನು ನಾವು ಷೀಲ್ಡುಗಳ ಚರಿತ್ರೆಯಲ್ಲಿ ಅತ್ಯಂತ ವಿವೇಕದ ಕಾರ್ಯವೆಂದು ಎಣಿಸುತ್ತೇವೆ.

ಇದೇ ಅವಧಿಯಲ್ಲಿ ದೊಡ್ಡ ಚಿಪ್ಪುಕಾರ್ಖಾನೆಗಳೂ ಈ ಅಳತೆಗೆ ತಲೆಬಾಗಿದುವು. 2012ರಲ್ಲಿ ಫ್ರೀಸ್ಕೇಲ್ ಸಂಸ್ಥೆಯ ಫ್ರೀಡಂ, 2013ರಲ್ಲಿ ಇಂಟೆಲಿನ ಗೆಲಿಲಿಯೊ, ಅನಂತರ ಎಸ್.ಟಿ. ಸಂಸ್ಥೆಯ ನ್ಯೂಕ್ಲಿಯೊ, ಇವೆಲ್ಲವೂ ಷೀಲ್ಡುಗಳನ್ನು ಹಿಡಿಯುವ ಸಾಲುಗಳನ್ನು ಹೊತ್ತು ಬಂದುವು. 7ಕ್ಕೂ 8ಕ್ಕೂ ನಡುವಣ ಓರೆಯನ್ನೂ ಅವು ನಿಷ್ಠೆಯಿಂದ ನಕಲು ಮಾಡಿದುವು. ಮಾಡದಿದ್ದರೆ ಷೀಲ್ಡುಗಳು ಕೂರುತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಲಿಖಿತ ನಿಬಂಧನೆಯ ಮಾರ್ಗವನ್ನು ಹಿಡಿದವರು ಇಂಗ್ಲೆಂಡಿನ ರಾಸ್ಪ್‌ಬೆರಿ ಪೈ ಬೋರ್ಡಿನವರು. 2014ರಲ್ಲಿ ಅವರು ತಮ್ಮ ಮೇಲುಹಲಗೆಗೆ ಹ್ಯಾಟ್ ಎಂದು ಹೆಸರಿಟ್ಟು, ಅದರ ಅಳತೆ, ಮೊಳೆಯ ರಂಧ್ರಗಳು, 40 ಪಿನ್ನುಗಳ ಸಾಲು ಎಲ್ಲವನ್ನೂ ಬರೆದು ಪ್ರಕಟಿಸಿದರು. ಹಲಗೆಯ ಮೇಲೆ ಸಣ್ಣ ನೆನಪಿನ ಚಿಪ್ಪೊಂದಿದ್ದು, ತಾನು ಯಾರು, ಯಾವ ಪಿನ್ನುಗಳು ತನಗೆ ಬೇಕು ಎಂಬುದನ್ನು ಅದೇ ಬೋರ್ಡಿಗೆ ನಿವೇದಿಸಬೇಕೆಂದು ವಿಧಿಸಿದರು. ಶಾನುಭೋಗನ ಖಾತೆಯನ್ನು ಪ್ರತಿಯೊಬ್ಬ ರೈತನ ಕೈಗೇ ಕೊಟ್ಟಂತೆ. ಆದರೆ ಆ ನಿಬಂಧನೆ ಒಂದು ಬೋರ್ಡಿಗೆ ಒಂದೇ ಹ್ಯಾಟ್ ಎಂಬ ಕಲ್ಪನೆಯ ಮೇಲೆ ನಿಂತಿತ್ತು. ಪೇರಿಸುವುದಕ್ಕೆ ಕ್ರಮಬದ್ಧವಾದ ಅವಕಾಶ ದೊರೆತುದು 2023ರ ಪರಿಷ್ಕೃತ ನಿಬಂಧನೆಯಲ್ಲಿ. ಗುರಾಣಿಯಾಯಿತು, ಟೋಪಿಯಾಯಿತು, ಬೀಗಲ್‌ಬೋನ್ ಎಂಬ ಬೋರ್ಡಿನವರು ತಮ್ಮ ಮೇಲುಹಲಗೆಯನ್ನು ಕೇಪ್, ಎಂದರೆ ಹೆಗಲ ಮೇಲುಹೊದಿಕೆ, ಎಂದು ಕರೆದಿದ್ದಾರೆ.

ಆರ್ಡುಯಿನೊ ಬೋರ್ಡಿನ ಕಡೆಗೆ ಮತ್ತೆ ತಿರುಗಿದರೆ, 2023ರಲ್ಲಿ ಊನೊವಿನ ನಾಲ್ಕನೆಯ ಪರಿಷ್ಕರಣ ಹೊರಬಂದಿತು. ಹಿಂದಿನ ಎಲ್ಲ ಊನೊಗಳ ಹೃದಯವಾಗಿದ್ದ 8 ಬಿಟ್ಟಿನ ಚಿಪ್ಪಿನ ಸ್ಥಾನದಲ್ಲಿ ಜಪಾನಿನ ರೆನೆಸಾಸ್ ಸಂಸ್ಥೆಯ 32 ಬಿಟ್ಟಿನ ಚಿಪ್ಪನ್ನು ಇಡಲಾಯಿತು. ಹಳೆಯ ಷೀಲ್ಡುಗಳ ಸಲುವಾಗಿಯೇ 5 ವೋಲ್ಟಿನಲ್ಲಿ ನಡೆಯುವ ಚಿಪ್ಪನ್ನು ಆರಿಸಿದ್ದಾರೆ, ಆಕಾರವೂ ಹಳೆಯದೇ. ಆದರೆ ಹಿಂದಿನ ಬೋರ್ಡಿನ ಪ್ರತಿಯೊಂದು ಪಿನ್ನೂ 20 ಮಿಲಿಆಂಪಿಯರನ್ನು ಕೊಡಬಲ್ಲುದಾಗಿದ್ದರೆ ಇದು ಕೊಡುವುದು 8ನ್ನು ಮಾತ್ರ. ಪಿನ್ನಿನಿಂದಲೇ ನೇರವಾಗಿ ಹೆಚ್ಚು ವಿದ್ಯುತ್ತನ್ನು ಸೆಳೆಯುವ ಹಳೆಯ ಷೀಲ್ಡುಗಳನ್ನು ಇದರ ಮೇಲೆ ಕೂರಿಸುವ ವಿದ್ಯಾರ್ಥಿಗಳು ಈ ಅಂಕೆಯನ್ನು ಮೊದಲು ನೋಡಿಕೊಳ್ಳತಕ್ಕದ್ದು. 7ನೆಯ ಮತ್ತು 8ನೆಯ ರಂಧ್ರಗಳ ನಡುವಣ ಅಂತರ ಇದರಲ್ಲಿಯೂ 4.06 ಮಿಲಿಮೀಟರು.